ಕೆಂಪಯ್ಯನವರ ವರ್ಷದ ಸೀಡಿ

"ಈ ಹುಡುಗೀನ ತೆಗೆದಾಕ್ಬುಡಿ ಮೇಡಂ," ಎಂದು ಧರ್ಮೇಂದ್ರ ಫೋಟೋದ ಮೇಲೆ ಬೆರಳಿಟ್ಟ. "ಯಜಮಾನ್ರೊಬ್ರೇ ಇದ್ರೆ ಸಾಕು. ಆರ್ಡರ್ ಕೊಟ್ಟೋರು ಅಂಗೇ ಹೇಳವ್ರೆ."

ಶಾಂತಲಾ ಫೋಟೋವನ್ನು ಕೈಗೆ ತೆಗೆದುಕೊಂಡಳು. ಮೇಜಿನ ಮೇಲಿದ್ದ ಪ್ರಿಂಟರು ಯಾರದೋ ಮದುವೆಯ ಸೀಡಿಯನ್ನು ಟ್ರೇ ಸಮೇತ ಒಳಗೆಳೆದುಕೊಂಡು, ಗಂಡುಹೆಣ್ಣಿನ ಮುಖಗಳನ್ನು ಅದರ ಬೆನ್ನ ಮೇಲೆ ಗೆರೆಗೆರೆಯಾಗಿ ಬರೆಯುತ್ತಿತ್ತು. ಧರ್ಮೇಂದ್ರ ತಂದಿದ್ದ ಫೋಟೋದಲ್ಲಿ ರುಮಾಲು ಸುತ್ತಿದ ಗಂಡಸೊಬ್ಬ ಸ್ಟುಡಿಯೋದ ನೀಲಿ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದ. ಪಕ್ಕದಲ್ಲಿ ಎರಡು ಜಡೆ ಮಡಿಸಿ ಕಟ್ಟಿದ ಹುಡುಗಿ. ಅವನ ಕೈ ಅವಳ ಹೆಗಲ ಮೇಲಿತ್ತು.

ಆ ಗಂಡಸು ಶಾಂತಲಾಳ ಅಪ್ಪ ಕೆಂಪಯ್ಯ. ಹುಡುಗಿ ಅವಳೇ. ಅವಳು ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ತಾನಾಗಿಯೇ ಕೋಟೆ ಪೇಟೆಯ ಸ್ಟುಡಿಯೋಗೆ ಕರೆದುಕೊಂಡು ಹೋಗಿ ತೆಗೆಸಿದ ಫೋಟೋ ಅದು. ಅದೊಂದು ಬಿಟ್ಟರೆ ಆ ಮನುಷ್ಯ ಕ್ಯಾಮೆರಾದ ಮುಂದೆ ನಿಂತವನೇ ಅಲ್ಲ. ವೋಟಿನ ಕಾರ್ಡಿನಲ್ಲಿ ಇನ್ನೊಂದಿತ್ತು, ಆದರೆ ಅದನ್ನು ನೋಡಿದರೆ ಹೆತ್ತ ತಾಯಿಗೂ ಗುರುತು ಸಿಗುತ್ತಿರಲಿಲ್ಲ.

"ಯಾರ ಮನೇದು?" ಎಂದಳು. ಗೊತ್ತಿದ್ದೇ ಕೇಳಿದಳು.

"ಚಿಕ್ಕೆರೆಕೊಪ್ಪಲು ಕನಕರಾಜಪ್ಪೋರ್ದು. ಅವರಪ್ಪಂದು ವರ್ಷದ ತಿಥಿ. ಮಣ್ಣು ಮಾಡಿದ್ದು, ಅನ್ನೊಂದ್ನೇ ದಿನದ್ದು ಎಲ್ಲಾನೂ ನಮ್ ಅಂಗ್ಡಿಯೋರೇ ವಿಡಿಯೋ ತಗ್ದಿದ್ರು. ಅದನ್ನ ಸೀಡಿ ಮಾಡ್ಸಿ ಊಟಕ್ಕೆ ಬಂದೋರ್ಗೆಲ್ಲ ಹಂಚ್ತಾರಂತೆ. ಮುಂದೆ ತಾಲ್ಲೂಕ್ ಪಂಚಾಯ್ತಿಗೆ ನಿಲ್ತಾರಲ್ಲ, ಅದ್ಕೆ." ಧರ್ಮೇಂದ್ರ ಕಣ್ಣು ಮಿಟುಕಿಸಿ ನಕ್ಕ. "ವಿಡಿಯೋನ ಎಲ್ಲಾ ಸೀಡಿಗೂ ರೈಟ್ ಮಾಡಿ ತಂದಿವ್ನಿ. ಮೇಲ್ಗಡೆ ನೀವು ಪ್ರಿಂಟ್ ಹೊಡ್ಕೊಟ್ರೆ ಆಯ್ತು. ಈ ಹುಡುಗಿ ಯಾರೋ ನೆಂಟ್ರ ಮಗು ಇರ್ಬೇಕು."

"ಆಯ್ತು, ಇಟ್ಟೋಗಿ," ಎಂದಳು ಶಾಂತಲಾ.

ಧರ್ಮೇಂದ್ರ ಪಿರಿಯಾಪಟ್ಟಣದ ಕಡೆಯವನು. ಕೋಟೆ ಹತ್ತಿರದ ಈ ಹ್ಯಾಂಡ್‌ಪೋಸ್ಟ್ ಊರಿಗೆ ಬಂದು ವಿಡಿಯೋ ಅಂಗಡಿ ತೆರೆದವನಿಗೆ ಇವಳು ಯಾರ ಮಗಳೆನ್ನುವುದು ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅವಳ ಪ್ರಿಂಟರು. ಮೊದಲೆಲ್ಲ ಅವನು ಸೀಡಿಗೆ ಕಾಗದದ ಸ್ಟಿಕ್ಕರ್ ಅಂಟಿಸಿ ಕೊಡುತ್ತಿದ್ದ. ಬೇಸಿಗೆ ಬಂದರೆ ಅವು ಅಂಚಿನಲ್ಲಿ ಎದ್ದು ಪ್ಲೇಯರಿನೊಳಗೆ ಸಿಕ್ಕಿಕೊಂಡು, ಮದುಮಕ್ಕಳ ಮುಖ ಚೂರುಚೂರಾಗಿ ಹೊರಗೆ ಬರುತ್ತಿತ್ತು. ಅಪಶಕುನವೆಂದು ಜನ ಅಂಗಡಿಯ ಮುಂದೆ ಜಗಳಕ್ಕೆ ನಿಲ್ಲುತ್ತಿದ್ದರು. ಸೀಡಿಯ ಮೈಮೇಲೇ ಬಣ್ಣ ಬರೆಯುವ ಈ ಪ್ರಿಂಟರನ್ನು ಶಾಂತಲಾಳ ಗಂಡ ಕೃಷ್ಣ ಬೈಲಕುಪ್ಪೆಯ ಟಿಬೆಟಿನವರ ಅಂಗಡಿಯೊಂದರಿಂದ ಹಳೆಯದನ್ನೇ ತಂದುಕೊಟ್ಟ ಮೇಲೆ, ಕೋಟೆ ಸರಗೂರುಗಳ ಮದುವೆ ಸೀಡಿಗಳೆಲ್ಲ ಅವಳ ಮನೆಗೆ ಬರತೊಡಗಿದವು.

ಆ ಕೆಲಸದಲ್ಲಿ ಒಂದು ಕಷ್ಟವಿದೆ. ಸೀಡಿಗೆ ನಟ್ಟನಡುವೆ ತೂತು. ಇಬ್ಬರಿದ್ದರೆ ಆಚೆಗೊಬ್ಬರು ಈಚೆಗೊಬ್ಬರು ನಿಂತು ಲಕ್ಷಣವಾಗಿ ಕಾಣುತ್ತಾರೆ. ಒಬ್ಬರೇ ಆದರೆ ಮೂಲೆಗೆ ತಳ್ಳಿದ ಹಾಗೆ ಮೇಲಕ್ಕೆ ಸರಿಸಬೇಕು, ಉಳಿದ ಜಾಗಕ್ಕೆ ಹೂವೋ ದೀಪವೋ ತುಂಬಬೇಕು. ಅಪ್ಪನನ್ನು ಎಲ್ಲಿ ಕೂರಿಸುವುದೆಂದು ಅವಳ ಕಣ್ಣು ತನಗೆ ತಾನೇ ಲೆಕ್ಕ ಹಾಕಿತು. ಲೆಕ್ಕ ಹಾಕಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಕನಕರಾಜು ಅವಳ ಒಡಹುಟ್ಟಿದ ಅಣ್ಣ. ಅವಳು ಅಂತರಸಂತೆ ಕಡೆಯ ಆದಿವಾಸಿ ಹಾಡಿಯ ಹುಡುಗ, ಜೀಪ್ ಡ್ರೈವರ್ ಕೃಷ್ಣನನ್ನು ಮದುವೆಯಾದಳೆಂದು ಗೊತ್ತಾದ ದಿನ ಅವನು ಊರ ಕೆರೆಗೆ ಹೋಗಿ, ಬದುಕಿದ್ದ ತಂಗಿಯ ಹೆಸರಿನಲ್ಲಿ ಎಳ್ಳುನೀರು ಬಿಟ್ಟು, ತಲೆಗೆ ಸ್ನಾನ ಮಾಡಿ ಬಂದ. ಅವ್ವ ಸಾಕಮ್ಮ ಬಾಯಿ ಬಿಡಲಿಲ್ಲ. ಮಗ ಗದರಿದರೆ ಅಡುಗೆಮನೆ ಸೇರುವ ಹೆಂಗಸು ಅವಳು. ಅಪ್ಪನೂ ಊರಲ್ಲಿ ಏನೂ ಹೇಳಲಿಲ್ಲ. ಆದರೆ ಸಂತೆಗೆ ಬಂದಾಗಲೆಲ್ಲ ಮಗಳ ಮನೆಯ ಜಗಲಿಯ ಮೇಲೆ ಚೀಲವಿಟ್ಟು, ಒಳಗೆ ಬರದೆ, ಒಂದು ಚೆಂಬು ನೀರು ಕುಡಿದು ಹೋಗುತ್ತಿದ್ದ. ಚೀಲದಲ್ಲಿ ಅವರೆಕಾಯಿಯೋ ಕಡಲೆಕಾಯಿಯೋ ಇರುತ್ತಿತ್ತು. ಅದನ್ನು ಇವಳು ಬರಿದು ಮಾಡಿ ಕೊಡುವ ತನಕ ರಸ್ತೆ ನೋಡುತ್ತ ಕೂತಿರುತ್ತಿದ್ದ.

ಅಪ್ಪ ಸತ್ತದ್ದನ್ನು ಅಣ್ಣ ತಿಳಿಸಲಿಲ್ಲ. ಎದುರುಮನೆಯ ಪುಟ್ಟಸಿದ್ದಮ್ಮ ಕಾಯಿನ್ ಬೂತಿನಿಂದ ಫೋನು ಮಾಡಿಸಿದಳು. ಶಾಂತಲಾ ಹೆಣದ ಮೇಲೆ ಹೊದಿಸಲು ಹೆಣ್ಣುಮಗಳು ತರಬೇಕಾದ ಹೊಸ ಪಂಚೆ ಕೊಂಡು ಆಟೋದಲ್ಲಿ ಹೊರಟಳು. ಕೆರೆ ಏರಿಯ ಮೇಲೆಯೇ ತಡೆದರು. ಕನಕರಾಜು ಬಂದು, "ನಿನ್ ಪಾಲಿಗೆ ಅಪ್ಪ ಯಾವತ್ತೋ ಸತ್ತೋಗವ್ನೆ, ಇವತ್ತೇನ್ ನೋಡಕ್ ಬಂದೆ?" ಎಂದ. ಅವಳು ಕೈಮುಗಿದಳು, ಕಾಲು ಹಿಡಿಯಲು ಬಗ್ಗಿದಳು. ಅವನು ಕಾಲು ಹಿಂದಕ್ಕೆಳೆದುಕೊಂಡ. ತಮಟೆಯ ಸದ್ದು ನಿಲ್ಲುವ ತನಕ ಅವಳು ಪಂಚೆಯನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲೇ ಕೂತಿದ್ದಳು.

ಧರ್ಮೇಂದ್ರ ಹೋದ ಮೇಲೆ ಅವಳು ಒಂದು ಸೀಡಿ ತೆಗೆದು ಟೀವಿಯ ಕೆಳಗಿನ ಪ್ಲೇಯರಿಗೆ ಹಾಕಿದಳು. ಅಪ್ಪನ ಮುಖ ಕಂಡಿತು. ಗದ್ದಕ್ಕೆ ಬಟ್ಟೆ ಕಟ್ಟಿ, ಮನೆಯ ಮುಂದೆ ಕೂರಿಸಿದ್ದರು. ವರ್ಷದ ಮೇಲೆ ಮೊದಲ ಸಲ ನೋಡಿದ್ದು. ಅವಳು ಟೀವಿಯ ಗಾಜಿಗೆ ಅಂಗೈ ಒತ್ತಿಕೊಂಡು ಅತ್ತಳು. ಸೀಡಿ ಮುಂದಕ್ಕೆ ಓಡಿತು. ಕನಕರಾಜು ಅಪ್ಪನ ಬಾಯಿಗೆ ಅಕ್ಕಿ ಹಾಕಿದ. ಕ್ಯಾಮೆರಾದ ಹಿಂದಿನಿಂದ ಯಾರೋ, "ಅಣ್ಣ, ತಲೆ ಅಡ್ಡ ಬಂತು, ಇನ್ನೊಂದ್ ಕಿತ ಹಾಕಿ," ಎಂದರು. ಕನಕರಾಜು ಅಳು ನಿಲ್ಲಿಸಿ, ಶಲ್ಯ ಸರಿಮಾಡಿಕೊಂಡು, ಮತ್ತೆ ಅಕ್ಕಿ ತೆಗೆದುಕೊಂಡು, ಮತ್ತೆ ಅಳಲು ಶುರುಮಾಡಿದ.

ಆಮೇಲೆ ಊರ ಯಜಮಾನ ನಂಜಣ್ಣನ ದನಿ ಕೇಳಿಸಿತು. "ಗಂಡುಮಕ್ಳದ್ದಾಯ್ತು. ಎಣ್ಮಕ್ಳು ಯಾರವ್ರೆ, ಬನ್ನಿ, ಅಕ್ಕಿ ಹಾಕಿ."

ಕನಕರಾಜು ಕ್ಯಾಮೆರಾದ ಕಡೆಗೇ ತಿರುಗಿ ಹೇಳಿದ: "ನಮ್ಮಪ್ಪಂಗೆ ಎಣ್ಮಕ್ಳಿಲ್ಲ."

ಶಾಂತಲಾ ಅಳುವುದನ್ನು ನಿಲ್ಲಿಸಿದಳು. ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಕೇಳಿದಳು. ಮತ್ತೊಮ್ಮೆ ಕೇಳಿದಳು. ಈ ಮಾತನ್ನು ಇವನು ಸೀಡಿ ಮಾಡಿಸಿ, ಊಟಕ್ಕೆ ಬಂದವರ ಕೈಗೆಲ್ಲ ಕೊಟ್ಟು, ತಾಲ್ಲೂಕಿನ ಟೀವಿಗಳಲ್ಲೆಲ್ಲ ಕೂಗಿಸುತ್ತಾನೆ. ಅದರ ಮೇಲಿನ ಹೂವು ದೀಪ ತಾನು ಬರೆದುಕೊಡಬೇಕು. ಇವನನ್ನು ಸುಮ್ಮನೆ ಬಿಡಬಾರದು ಎಂದುಕೊಂಡಳು. ಹಾಗೆಂದುಕೊಂಡ ಮೇಲೆ ಅವಳಿಗೆ ಹಸಿವಾಯಿತು, ಎದ್ದು ಹೋಗಿ ಅನ್ನ ಹಾಕಿಕೊಂಡು ಉಂಡಳು.

ಸಂಜೆ ಕೃಷ್ಣ ಜೀಪು ನಿಲ್ಲಿಸಿ ಒಳಗೆ ಬಂದಾಗ ಮೇಜಿನ ಮೇಲೆ ಒಂದೇ ಒಂದು ಸೀಡಿ ಆರಲಿಟ್ಟಿತ್ತು. ಅಂಚಿನ ಸುತ್ತ ಚೆಂಡುಹೂವಿನ ಹಾರ, ಎರಡು ಪಕ್ಕ ಎರಡು ದೀಪ, ಕೆಳಗೆ 'ಕೈಲಾಸವಾಸಿ' ಎಂಬ ಅಕ್ಷರ. ಹಾರದೊಳಗೆ ಕನಕರಾಜು. ಶಲ್ಯ ಸರಿಮಾಡಿಕೊಳ್ಳುತ್ತಿದ್ದ ಗಳಿಗೆಯಲ್ಲಿ ವಿಡಿಯೋ ನಿಲ್ಲಿಸಿ ತೆಗೆದ ಮುಖ. ಹಣೆಗೆ ಕುಂಕುಮವನ್ನೂ ಇಟ್ಟಿದ್ದಳು.

ಕೃಷ್ಣ ಅದನ್ನು ಮುಟ್ಟಲಿಲ್ಲ. "ಏನ್ ಶಾಂತಾ ಇದು?"

"ಚೆಂದಾಗದೆ ಅಲ್ವಾ? ಎಲ್ಲಾ ಸೀಡಿಗೂ ಇದ್ನೇ ಹೊಡೀತೀನಿ. ನಂಗೆ ಎಳ್ಳುನೀರು ಬುಟ್ನಲ್ಲ, ಈಗ ಅವ್ನೂ ಒಸಿ ಕುಡೀಲಿ."

"ಬದುಕಿರೋರ್ಗೆ ಹಾರ ಹಾಕ್ಬ್ಯಾಡ ಕಣೆ. ನಿಮ್ಮತ್ಗೆ ರಾಧಮ್ಮನ ತಾಳಿ ಏನ್ ಮಾಡ್ತು ನಿಂಗೆ?" ಅವನ ದನಿ ಏರಲಿಲ್ಲ. "ಇನ್ನೊಂದ್ ಹೇಳ್ತೀನಿ. ಇದನ್ನ ನೋಡುದ್ರೆ ಊರೋರೆಲ್ಲ ಅವ್ನ್ ಕಡೀಕೇ ಆಗ್ತಾರೆ. ಹಾಡಿಯೋನ್ ಕಟ್ಕಂಡು ಮಾಟ ಕಲ್ತವ್ಳೆ ಅಂತಾರೆ. ಅವ್ನಿಗೆ ಅದೇ ಬೇಕಾಗಿರೋದು."

ಮಾಟದ ಮಾತು ಅವಳಿಗೆ ತಾಗಿತು. ತಾಳಿಯ ಮಾತು ಅಷ್ಟು ತಾಗಲಿಲ್ಲ, ಸುಳ್ಳೇಕೆ ಹೇಳಬೇಕು. ಅವಳು ಸೀಡಿಯನ್ನು ಎತ್ತಿಕೊಂಡು, ಅಣ್ಣನ ಮುಖವನ್ನು ಇನ್ನೊಂದು ಸಲ ತೃಪ್ತಿಯಿಂದ ನೋಡಿ, ಬಚ್ಚಲ ಒಲೆಗೆ ಹಾಕಿದಳು. ಪ್ಲಾಸ್ಟಿಕ್ಕು ಸುಟ್ಟ ವಾಸನೆ ಮನೆಯಿಂದ ಬೇಗ ಹೋಗಲಿಲ್ಲ.

ಮರುದಿನ ಬೆಳಗ್ಗೆ ಅವಳು ಧರ್ಮೇಂದ್ರ ಹೇಳಿದ ಹಾಗೆಯೇ ಮಾಡಿದಳು. ಕಂಪ್ಯೂಟರಿನಲ್ಲಿ ತನ್ನ ಜಡೆ, ಮುಖ, ಯೂನಿಫಾರ್ಮು ಎಲ್ಲವನ್ನೂ ಅಂಚು ಹಿಡಿದು ಅಳಿಸಿದಳು. ಹೆಗಲು ಹೋದ ಮೇಲೆ ಅಪ್ಪನ ಕೈ ಗಾಳಿಯಲ್ಲಿ ಉಳಿಯಿತು, ಅದನ್ನು ಹೂವಿನಿಂದ ಮುಚ್ಚಿದಳು. 'ಕೆಂಪಯ್ಯನವರ ವರ್ಷದ ಪುಣ್ಯಸ್ಮರಣೆ' ಎಂದು ಬರೆದು ಒಂದು ಸೀಡಿ ತೆಗೆದಳು. ಅದು ಧರ್ಮೇಂದ್ರನಿಗೆ ತೋರಿಸಲು.

ಆಮೇಲೆ ಅಳಿಸಿದ್ದನ್ನೆಲ್ಲ ಹಿಂದಕ್ಕೆ ತಂದಳು. ತೂತಿನ ಆ ಪಕ್ಕ ಅಪ್ಪ, ಈ ಪಕ್ಕ ತಾನು. ಅಳತೆ ಮಾಡಿ ತೆಗೆಸಿದ್ದೇನೋ ಎನ್ನುವ ಹಾಗೆ ಇಬ್ಬರೂ ಕೂತರು. ಕೆಳಗೆ ದಪ್ಪಕ್ಷರದಲ್ಲಿ 'ಕೆಂಪಯ್ಯನವರು ಮತ್ತು ಅವರ ಮಗಳು ಶಾಂತಲಾ' ಎಂದು ಬರೆದಳು. ಮಗಳು ಎನ್ನುವ ಪದವನ್ನು ಇನ್ನೊಂದು ಚೂರು ದಪ್ಪ ಮಾಡಿದಳು.

ಇಡೀ ದಿನ ಟ್ರೇ ಒಳಗೆ ಹೋಗಿ ಹೊರಗೆ ಬಂತು. ಪ್ರಿಂಟಾದದ್ದನ್ನು ಒಂದರ ಮೇಲೊಂದು ಇಡುವ ಹಾಗಿರಲಿಲ್ಲ, ಹಸಿ ಬಣ್ಣ ಅಂಟಿಕೊಳ್ಳುತ್ತದೆ. ಅವಳು ಮಂಚದ ಮೇಲೆ, ಚಾಪೆಯ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಕೊನೆಗೆ ಜಾಗ ಸಾಲದೆ ದೇವರ ಗೂಡಿನ ಮುಂದೆಯೂ ಹರಡಿದಳು. ಕಾಲಿಡುವಲ್ಲೆಲ್ಲ ಅಪ್ಪ ಮಗಳು ನಿಂತಿದ್ದರು. ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದಾಗ ಅವಳಿಗೆ ತಡೆಯಲಾರದಷ್ಟು ಖುಷಿಯಾಯಿತು. ಸಂಜೆಗೆ ಒಂದೊಂದನ್ನೇ, ಒಳಗಿನದು ಕಾಣದ ಹಾಗೆ, ಪ್ಲಾಸ್ಟಿಕ್ ಕಿಟಕಿಯಿಲ್ಲದ ಬಿಳಿ ಕವರಿಗೆ ಹಾಕಿ, ಬಾಯಿಗೆ ಗೋಂದು ಹಚ್ಚಿ ಅಂಟಿಸಿದಳು.

ಅವಳು ತೋರಿಸಿದ ಸೀಡಿಯನ್ನು ಧರ್ಮೇಂದ್ರ ಬೆಳಕಿಗೆ ಹಿಡಿದು ನೋಡಿದ. "ಸೂಪರ್ ಮೇಡಂ. ಹುಡುಗಿ ಇದ್ಲು ಅಂತಾನೇ ಗೊತ್ತಾಗಕಿಲ್ಲ. ಕವರ್ ಯಾಕೆ ಅಂಟ್ಸುದ್ರಿ?"

"ತಿಥಿದಲ್ವಾ. ಧೂಳು ಕೂತ್ರೆ ಚೆಂದಾಗಿರಕಿಲ್ಲ," ಎಂದಳು.

ಅವನು ಒಳ್ಳೆಯವನು, ಇವಳನ್ನು ನಂಬಿದವನು. ಕನಕರಾಜು ನಾಳೆ ಮೊದಲು ಬಯ್ಯುವುದು ಅವನನ್ನೇ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಅವಳಿಗೆ ಆಮೇಲೆ ಬೇಸರವಾಯಿತು. ಅವತ್ತು ಆಗಲಿಲ್ಲ.

ತಿಥಿಯ ದಿನ ಕೃಷ್ಣ ತಾನೂ ಬರುತ್ತೇನೆಂದ. "ಬ್ಯಾಡ, ನೀವ್ ಬಂದ್ರೆ ಜಗಳ ನಿಮ್ ಮ್ಯಾಲೆ ತಿರುಗ್ತದೆ," ಎಂದು ಅವಳು ಒಬ್ಬಳೇ ಬಸ್ಸು ಹತ್ತಿದಳು. ಏರಿಯ ಮೇಲೆ ಈ ಸಲ ಯಾರೂ ತಡೆಯಲಿಲ್ಲ, ಎಲ್ಲರೂ ಊಟದ ಗಡಿಬಿಡಿಯಲ್ಲಿದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡು ನೇರವಾಗಿ ಪುಟ್ಟಸಿದ್ದಮ್ಮನ ಜಗಲಿ ಸೇರಿದಳು. ಎದುರಿಗೇ ಅಪ್ಪನ ಮನೆ, ಮನೆಯ ಮುಂದೆ ಬೀದಿ ತುಂಬ ಚಪ್ಪರ.

"ಯಾಕವ್ವ ಬಂದೆ? ಅವ್ನು ನೋಡುದ್ರೆ ಸುಮ್ಕಿದ್ದಾನಾ?" ಮುದುಕಿ ಗಾಬರಿಯಾದಳು.

"ನೋಡ್ಲಿ ಅಂತ್ಲೇ ಬಂದಿವ್ನಿ ಅಜ್ಜಿ. ನೀನ್ ಕೂತ್ಕೋ."

ಮೊದಲ ಪಂಕ್ತಿ ಎದ್ದಿತು. ಕನಕರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಚಪ್ಪರದ ಬಾಗಿಲಿಗೆ ಬಂದು, ಕೈ ತೊಳೆದು ಬಂದವರಿಗೆ ಎಲೆ ಅಡಿಕೆಯ ಜೊತೆ ಒಂದೊಂದು ಬಿಳಿ ಕವರು ಕೊಡತೊಡಗಿದ. "ಅಪ್ಪನ ನೆಪ್ಪಿಗೆ. ಮನೇಲಿ ಹಾಕ್ಕಂಡು ನೋಡಿ," ಎಂದು ಒಬ್ಬೊಬ್ಬರಿಗೂ ಹೇಳಿದ. ಜನ ಕವರನ್ನು ಜೇಬಿಗೆ, ಬ್ಯಾಗಿಗೆ, ಕೆಲವು ಹೆಂಗಸರು ಸೊಂಟಕ್ಕೆ ಸಿಕ್ಕಿಸಿಕೊಂಡರು. ಯಾರೂ ಬಿಚ್ಚಿ ನೋಡಲಿಲ್ಲ. ಎಲ್ಲರೂ ಹೀಗೇ ಹೊರಟುಹೋದರೆ ಅವನ ಮುಖ ತಾನು ನೋಡುವುದು ಯಾವಾಗ?

ಬಿಚ್ಚಿದವನು ನಂಜಣ್ಣ. ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡು, ಅದೇ ಬೆರಳಿನಿಂದ ಕವರು ಹರಿದು, ಸೀಡಿಯನ್ನು ಕಣ್ಣಿಂದ ದೂರ ಹಿಡಿದು ನೋಡಿದ.

"ಏ ಕನಕ. ಇದು ನಮ್ ಶಾಂತಲೆ ಅಲ್ವೇನ್ಲಾ?"

"ಯಾವ್ ಶಾಂತಲೆ?"

"ಯಾವ್ಳು ಅಂದ್ರೆ? ಅಪ್ಪನ್ ಮಗ್ಗುಲಲ್ಲಿ ನಿಂತವ್ಳೆ. ಇಲ್ಲಿ ಬರ್ದೂ ಬರ್ದವ್ರೆ ನೋಡು, ಮಗಳು ಶಾಂತಲಾ ಅಂತ. ಒಳ್ಳೇ ಕೆಲ್ಸ ಮಾಡ್ದೆ ಕಣಪ್ಪ. ಸಿಟ್ಟು ಬುಟ್ಟೆಯಲ್ಲ, ಅಷ್ಟು ಸಾಕು."

ಚಪ್ಪರದಲ್ಲಿದ್ದವರೆಲ್ಲ ತಮ್ಮ ತಮ್ಮ ಕವರು ಹರಿದರು. ಯಾರೋ ಹೆಂಗಸು, "ಅಯ್ಯೋ, ಎಷ್ಟು ಪುಟ್ಕಿದ್ಲು ಆಗ!" ಎಂದಳು. ಕನಕರಾಜು ನಂಜಣ್ಣನ ಕೈಯಿಂದ ಸೀಡಿ ಕಿತ್ತುಕೊಂಡ. ಅವನ ಮುಖ ಮೊದಲು ಬಿಳಿಚಿ ಆಮೇಲೆ ಕೆಂಪಾದದ್ದನ್ನು ಶಾಂತಲಾ ಜಗಲಿಯ ಮೇಲಿಂದ ಕಣ್ಣು ತುಂಬ ನೋಡಿದಳು. ಅವನು ಉಗುರಿನಿಂದ ಅಂಚು ಕೆರೆದ. ಸ್ಟಿಕ್ಕರೆಂದುಕೊಂಡಿದ್ದ. ಎಲ್ಲಿ ಕೆರೆದರೂ ಎದ್ದು ಬರಲಿಲ್ಲ. ಹೆಗಲಿನ ಶಲ್ಯವನ್ನೆಳೆದು, ಕೈ ತೊಳೆಯಲು ಇಟ್ಟಿದ್ದ ಕೊಳಗದ ನೀರಿನಲ್ಲಿ ಅದ್ದಿ, ಹುಡುಗಿಯ ಮುಖದ ಮೇಲೆ ಹಾಕಿ ಉಜ್ಜಿದ.

ಮನೆಯ ಪ್ರಿಂಟರಿನ ಬಣ್ಣ ನೀರಿಗೆ ನಿಲ್ಲುವುದಿಲ್ಲ. ಹುಡುಗಿಯ ಮುಖ ಹೋಯಿತು. ಅದರ ಕಪ್ಪು ನೀಲಿ ಹರಿದು ಪಕ್ಕಕ್ಕೆ ಬಂದು ಕೆಂಪಯ್ಯನ ರುಮಾಲು, ಹಣೆ, ಕಣ್ಣು, ಎಲ್ಲವನ್ನೂ ತೆಗೆದುಕೊಂಡು ಹೋಯಿತು. ಇದನ್ನು ಅವಳು ಎಣಿಸಿರಲಿಲ್ಲ. ಅಪ್ಪನ ಮುಖ ಕರಗುವುದನ್ನು ಕಂಡು ಅವಳು ಜಗಲಿಯಿಂದ ಅರ್ಧ ಎದ್ದಳು. ನೀರು ಹಾಕಬೇಡ ಎಂದು ಕೂಗಿದ್ದರೆ ಅವನು ನಿಲ್ಲಿಸುತ್ತಿದ್ದನೋ ಏನೋ. ಅವಳು ಕೂಗಲಿಲ್ಲ. ಕಂಬ ಹಿಡಿದುಕೊಂಡು ಮತ್ತೆ ಕೂತಳು.

ಕನಕರಾಜು ಇನ್ನೊಬ್ಬರ ಕೈಯಿಂದ ಕಿತ್ತುಕೊಂಡ, ಉಜ್ಜಿದ. ಮತ್ತೊಬ್ಬರದನ್ನು ಕಿತ್ತುಕೊಂಡ. ಉಳಿದ ಕವರುಗಳನ್ನೆಲ್ಲ ತಂದು ಕೊಳಗಕ್ಕೇ ಸುರಿದ. ನೀರು ಬಣ್ಣ ತಿರುಗಿತು. ಆಗ ಜನಕ್ಕೆ ಅವನು ಮಾಡುತ್ತಿರುವುದೇನೆಂದು ತಿಳಿಯಿತು.

"ಏ, ಏನ್ಲಾ ಮಾಡ್ತಿದೀಯ?" ನಂಜಣ್ಣ ಬಾಯಿಯ ಎಲೆ ಉಗಿದು ಎದ್ದು ನಿಂತ. "ತಿಥಿ ದಿನ ಅಪ್ಪನ ಮಖನ ಉಜ್ಜಾಕ್ತಿದೀಯಲ್ಲೋ! ಎಡೆ ಇಕ್ಕಿದ್ ಕೈ ಇನ್ನೂ ಆರಿಲ್ಲ."

"ಇವ್ಳು... ಇದು ನಾನ್ ಮಾಡ್ಸಿದ್ದಲ್ಲ," ಎಂದ ಕನಕರಾಜು. ಸುತ್ತ ನೋಡಿದ. ಬೀದಿಯ ಈಚೆ ತಂಗಿ ಕೂತಿರುವುದು ಕಾಣಿಸಿತು. ಒಂದು ಕೈಯಲ್ಲಿ ಒದ್ದೆ ಸೀಡಿ, ಇನ್ನೊಂದರಲ್ಲಿ ಶಲ್ಯ ಹಿಡಿದುಕೊಂಡೇ ದಾಪುಗಾಲು ಹಾಕಿ ಬಂದ. "ನಿಂದೇ ಅಲ್ವೇನೇ ಈ ಕೆಲ್ಸ?"

ಶಾಂತಲಾ ಸೆರಗು ತಲೆಯಿಂದ ಇಳಿಸಿದಳು. "ನಂದೇ ಕಣಣ್ಣ. ಹ್ಯಾಂಡ್‌ಪೋಸ್ಟಲ್ಲಿ ಸೀಡಿ ಮ್ಯಾಲೆ ಪ್ರಿಂಟ್ ಹೊಡ್ಯೋಳು ನಾನೊಬ್ಳೇ. ನೀನೇ ನಮ್ಮನೆಗೆ ಕಳ್ಸಿದ್ದು." ಅವಳು ದನಿಯನ್ನು ಚಪ್ಪರದ ತನಕ ಕೇಳುವಷ್ಟು ಏರಿಸಿದಳು. "ಅಪ್ಪಂಗೆ ಎಣ್ಮಕ್ಳಿಲ್ಲ ಅಂದ್ಯಲ್ಲ. ಉಜ್ಜು. ಇನ್ನೂ ಒಸಿ ಉಜ್ಜು, ನಾನ್ ಹೋಗ್ತೀನಿ. ಅಪ್ಪನ್ನೂ ಕರ್ಕೊಂಡೇ ಹೋಗ್ತೀನಿ."

ಅವನು ಕೈ ಎತ್ತಿದ. ಕೈಯಲ್ಲಿ ಒದ್ದೆ ಶಲ್ಯವಿತ್ತು, ಹಿಂದೆ ಜನ ನಿಂತಿದ್ದರು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಅದರಿಂದ ಹಣೆ ಒರೆಸಿಕೊಂಡು ಹಿಂದಿರುಗಿದ. ಹಣೆಗೂ ಬಣ್ಣವಾಯಿತು. ಯಾರೋ ಹುಡುಗರು ಕಿಸಕ್ಕೆಂದರು, ದೊಡ್ಡವರು ಗದರಿದರು.

ಜನ ಹೊರಡಲು ಶುರುಮಾಡಿದರು. ಸೊಂಟಕ್ಕೆ, ಬ್ಯಾಗಿಗೆ ಸೇರಿದ್ದ ಕವರುಗಳನ್ನು ಯಾರೂ ವಾಪಸು ಕೊಡಲಿಲ್ಲ. ಅವನಿಗೂ ಕೇಳುವ ಧೈರ್ಯವಾಗಲಿಲ್ಲ. ವೋಟು ಹಾಕಬೇಕಾದ ನೆಂಟರು, ಮುಖ ತಿರುಗಿಸುವ ಹಾಗಿಲ್ಲ. ಅವನು ಚಪ್ಪರದ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಕೈಮುಗಿದ. ಎರಡು ಅಂಗೈಗಳೂ ಕಡುನೀಲಿಯಾಗಿದ್ದವು.

ಆಗ ಸಾಕಮ್ಮ ಹೊರಗೆ ಬಂದಳು. ಎರಡೂ ಕೈಯಲ್ಲಿ ಬಾಳೆಯೆಲೆ ಹಿಡಿದಿದ್ದಳು. ಎಲೆಯ ಮೇಲೆ ಮುದ್ದೆ, ಬಾಡಿನೆಸರು. ಮಗನ ಕಡೆ ನೋಡದೆ ಬೀದಿ ದಾಟಿ, ಪುಟ್ಟಸಿದ್ದಮ್ಮನ ಜಗಲಿಯ ಮೇಲೆ ಮಗಳ ಮುಂದೆ ಎಲೆ ಇಟ್ಟಳು. ಎಸರು ತುಳುಕಿ ಜಗಲಿಗೆ ಬಿತ್ತು.

"ಉಣ್ಣು," ಎಂದಳು.

ಶಾಂತಲಾಳಿಗೆ ಅಳು ಬಂತು. ಅಳಬಾರದೆಂದು ಮುದ್ದೆ ಮುರಿದು ಬಾಯಿಗಿಟ್ಟುಕೊಂಡಳು. ಚಪ್ಪರದ ಬಾಗಿಲಿಗೆ ಮುಖ ಮಾಡಿ ಕೂತು, ಅವಸರವಿಲ್ಲದೆ, ಮೂಳೆಯನ್ನೂ ಬಿಡದೆ ಉಂಡಳು. ಎದುರಿಗೆ ಕನಕರಾಜು ಕೈಮುಗಿಯುತ್ತಲೇ ಇದ್ದ. ಅವನು ಇತ್ತ ನೋಡಿದಾಗ ಅವಳು ತಲೆಯೆತ್ತಿದಳು.

"ಅವ್ವಾ, ಇನ್ನೊಸಿ ಎಸ್ರು ತತ್ತಾ," ಎಂದಳು, ಗಟ್ಟಿಯಾಗಿ.

ಸಾಕಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಬೀದಿ ದಾಟಿ, ಮಗನ ಮಗ್ಗುಲಲ್ಲೇ ಹಾದು, ಎಸರು ತರಲು ಒಳಗೆ ಹೋದಳು.